ಮೂರು ವರ್ಷದ ಹುಡುಗನಿಗೆ ಏನು ಅವಸರ?

ಮೂರು ವರ್ಷದ ಹುಡುಗನ ಮುಂದೊಗಲು ಹಿಂದೆ ಸರಿಯುತ್ತಿಲ್ಲ ಅನ್ನುವುದು ರೋಗವಲ್ಲ. ಹಾಲುಹಲ್ಲು ಇನ್ನೂ ಬಿದ್ದಿಲ್ಲ ಅಂತ ಆ ವಯಸ್ಸಿನವನನ್ನು ಯಾರಾದರೂ ಹಲ್ಲಿನ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾರಾ? ಇದಕ್ಕೆ ಮಾತ್ರ ಒಯ್ಯುತ್ತೇವೆ. ಒಯ್ದವರಲ್ಲಿ ಕೆಲವರಿಗೆ ಅವತ್ತೇ ಆಪರೇಷನ್ನಿನ ತಾರೀಖೂ ಸಿಗುತ್ತದೆ.

ಚಡಚಣದಲ್ಲಿರುವ ನನ್ನ ಕಾಕಾನ ಮಗ ಹೋದ ತಿಂಗಳು ಫೋನ್ ಮಾಡಿದ. "ಅಣ್ಣಾ, ಹುಡುಗಗ ಕೊಯ್ಯಬೇಕಂದಾರ. ಸೋಮವಾರ ಖಾಲಿ ಹೊಟ್ಟೀಲೆ ಕರ್ಕೊಂಡು ಬಾ ಅಂದಾರ." ಯಾಕಂತೆ? "ಫೈಮೋಸಿಸ್ ಅಂತ." ಉಚ್ಚಿ ಹೊಯ್ಯುವಾಗ ಅಳುತ್ತಾನಾ? ಇಲ್ಲ. ಜ್ವರ, ಬಾವು, ಕೀವು? ಇಲ್ಲ. ಧಾರೆ ಸರಿಯಾಗಿ ಬರುತ್ತದಾ? "ನಿಂತಲ್ಲಿಂದ ಗ್ವಾಡಿ ಮುಟ್ಟಸ್ತಾನ!" ಮತ್ತೆ ಕೊಯ್ಯುವುದು ಯಾಕೆ ಅಂತ ಕೇಳಿದೆಯಾ ಅಂದರೆ ಸುಮ್ಮನಾದ. ಡಾಕ್ಟರಿಗೆ ತಿರುಗಿ ಕೇಳುವುದು ನಮ್ಮ ಕಡೆ ಇನ್ನೂ ಉದ್ಧಟತನ, ಅದೂ ಈ ಜಾಗದ ವಿಷಯ. ಇನ್ನೊಬ್ಬರ ಅಭಿಪ್ರಾಯ ಬೇಕೆಂದರೆ ಒಂದು ದಿನದ ದುಡಿಮೆ ಬಿಟ್ಟು ಭೀಮಾ ದಾಟಿ ಸೊಲ್ಲಾಪುರಕ್ಕೋ, ಇತ್ತ ವಿಜಯಪುರಕ್ಕೋ ಹೋಗಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ನಗಬೇಡಿ. ನಾಲ್ಕು ಆಸ್ಪತ್ರೆಗಳ ನಡುವೆ ಇದ್ದರೂ ನೀವೂ ಕೇಳುವುದಿಲ್ಲ, ರಾತ್ರಿ ಗೂಗಲ್ ಮಾಡಿ ಹೆದರುತ್ತೀರಿ ಅಷ್ಟೆ.

ಬಹುತೇಕ ಎಲ್ಲ ಗಂಡುಮಕ್ಕಳಿಗೂ ಹುಟ್ಟುವಾಗ ಮುಂದೊಗಲು ಒಳಗಿನ ತುದಿಗೆ ಅಂಟಿಕೊಂಡೇ ಇರುತ್ತದೆ. ಬೆಳೆದಂತೆ ನಿಧಾನಕ್ಕೆ ಬಿಡಿಸಿಕೊಳ್ಳುತ್ತದೆ. 1949ರಲ್ಲೇ ಡಗ್ಲಸ್ ಗೇರ್ಡ್ನರ್ ಎಂಬ ಮಕ್ಕಳ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ: ಹುಟ್ಟಿದಾಗ ಚರ್ಮ ಪೂರ್ತಿ ಸರಿಯುವುದು ಶೇ. 4ರಷ್ಟು ಮಕ್ಕಳಲ್ಲಿ ಮಾತ್ರ. ಇದೇ ಆಪರೇಷನ್ನಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಹದಿನಾರರಷ್ಟು ಎಳೆಯ ಮಕ್ಕಳು ಸಾಯುತ್ತಿದ್ದಾರೆ ಅಂತಲೂ ಲೆಕ್ಕ ಕೊಟ್ಟ. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲೆಯ ಹುಡುಗರನ್ನು ವರ್ಷಗಟ್ಟಲೆ ನೋಡಿ ಬರೆದ. ಆರೇಳು ವರ್ಷದವರಲ್ಲಿ ಶೇ. 8 ಮಂದಿಗೆ ಚರ್ಮ ಬಿಗಿ, ಹದಿನಾರು ಹದಿನೇಳಕ್ಕೆ ಬರುವಷ್ಟರಲ್ಲಿ ಶೇ. 1. ನಡುವೆ ಬಹುಪಾಲು ಹುಡುಗರಿಗೆ ಆದ ಚಿಕಿತ್ಸೆ ಅಂದರೆ ವಯಸ್ಸು.

ಇಷ್ಟು ಹಳೆಯ ಸಂಗತಿ ಇನ್ನೂ ಚಡಚಣಕ್ಕೆ ಬಂದಿಲ್ಲ, ಕೋರಮಂಗಲಕ್ಕೂ ಬಂದಿಲ್ಲ. ಫೈಮೋಸಿಸ್ ಅನ್ನುವ ಒಂದೇ ಪದ ಸಹಜವಾದ ಬಿಗಿಗೂ, ಗಾಯದ ಕಲೆಯಿಂದಾದ ಬಿಗಿಗೂ ಬಳಕೆಯಾಗುತ್ತದೆ. ಅಪ್ಪ-ಅಮ್ಮನ ಕಿವಿಗೆ ಎರಡೂ ಕ್ಯಾನ್ಸರಿನಷ್ಟೇ ದೊಡ್ಡದಾಗಿ ಕೇಳುತ್ತವೆ. ದುಡ್ಡಿನ ಲೆಕ್ಕವೂ ಇದೆ. ಎಷ್ಟೋ ಆರೋಗ್ಯ ವಿಮೆಗಳಲ್ಲಿ ಸುನ್ನತಿಗೆ ಹಣವಿಲ್ಲ, ಕಾಯಿಲೆಗೆ ಬೇಕಾದರೆ ಮಾತ್ರ ಉಂಟು. ಹಾಗಾಗಿ ಫೈಲಿನ ಮೇಲೆ ಯಾವ ಪದ ಬೀಳುತ್ತದೆ ಅನ್ನುವುದು ಸಣ್ಣ ಮಾತಲ್ಲ. ಎಲ್ಲ ಡಾಕ್ಟರೂ ದುಡ್ಡಿಗಾಗಿ ಕೊಯ್ಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಕಾರಣ ಬಿಡಿಸಿ ಹೇಳುವ ಕೆಲಸ ಅವರದು ಅಂತ ಮಾತ್ರ ಹೇಳುತ್ತಿದ್ದೇನೆ.

ಇಲ್ಲಿ ಒಬ್ಬರಾದರೂ ಎದ್ದು ನಿಂತು, ಹಾಗಾದರೆ ಮುಸ್ಲಿಮರ ಮುಂಜಿ ಅಂತ ಶುರು ಮಾಡುತ್ತಾರೆ. ಅದು ಬೇರೆ ಚರ್ಚೆ. ಅಲ್ಲಿ ಯಾಕೆ ಮಾಡುತ್ತೇವೆ ಅಂತ ಮನೆಯವರಿಗೆ ಗೊತ್ತು, ಹುಡುಗನಿಗೆ ರೋಗ ಅಂತ ಯಾರೂ ಸುಳ್ಳು ಹೇಳುವುದಿಲ್ಲ. ಇನ್ನೊಬ್ಬರು ವಿಶ್ವ ಆರೋಗ್ಯ ಸಂಸ್ಥೆಯನ್ನು ತರುತ್ತಾರೆ. 2007ರ ಆ ಸಲಹೆ ಎಚ್‌ಐವಿ ವಿಪರೀತ ಹರಡಿದ್ದ ದೇಶಗಳಿಗೆ ಕೊಟ್ಟಿದ್ದು, ಅದರ ಹಿಂದಿನ ಪ್ರಯೋಗಗಳು ನಡೆದದ್ದು ಆಫ್ರಿಕಾದ ವಯಸ್ಕ ಗಂಡಸರ ಮೇಲೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2012ರಲ್ಲಿ ಲಾಭ ಹೆಚ್ಚು ಅಂದಿತೇ ಹೊರತು, ಹುಟ್ಟಿದ ಎಲ್ಲ ಗಂಡುಮಕ್ಕಳಿಗೂ ಮಾಡಿಸಿ ಅನ್ನಲಿಲ್ಲ.

ಆಪರೇಷನ್ ಬೇಕೇಬೇಕಾದ ಮಕ್ಕಳೂ ಇದ್ದಾರೆ. ತುದಿಯಲ್ಲಿ ಬೆಳ್ಳಗೆ ಗಟ್ಟಿ ಕಲೆಯ ಬಳೆ ಕಟ್ಟಿದ್ದರೆ, ಮತ್ತೆ ಮತ್ತೆ ಕೀವಾಗುತ್ತಿದ್ದರೆ, ಮೂತ್ರದ ಸೋಂಕು ಮರುಕಳಿಸುತ್ತಿದ್ದರೆ ಸರ್ಜನ್ನರ ಹತ್ತಿರ ಹೋಗಿ, ತಡಮಾಡಬೇಡಿ. ಬರೀ ಬಿಗಿಯಾಗಿದ್ದು ತೊಂದರೆ ಕೊಡುತ್ತಿದ್ದರೆ, ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಕೆಲವು ವಾರ ಹಚ್ಚಿದರೆ ಹೆಚ್ಚಿನವರಿಗೆ ಸಡಿಲವಾಗುತ್ತದೆ. ಉಚ್ಚಿ ಹೊಯ್ಯುವಾಗ ತುದಿ ಬಲೂನಿನ ಹಾಗೆ ಉಬ್ಬಿತು ಅಂತ ಮಾತ್ರ ಓಡಬೇಡಿ. ನೋವಿಲ್ಲದಿದ್ದರೆ ಅದೂ ಬಿಡಿಸಿಕೊಳ್ಳುವ ದಾರಿಯಲ್ಲೇ ಬರುವಂಥದ್ದು. ಕಾಕಾನ ಮಗನಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆ: ಇದು ಕಲೆಯೋ ಸಹಜ ಬಿಗಿಯೋ? ಮುಲಾಮು ಯಾಕೆ ಬೇಡ? ಎರಡು ವರ್ಷ ಕಾದರೆ ಏನಾಗುತ್ತದೆ?

ಇನ್ನು ನಮ್ಮ ಮನೆಗಳೊಳಗೇ ನಡೆಯುವುದು. ಎಣ್ಣೆ ಹಚ್ಚಿ ಎರೆಯುವಾಗ ದಿನಾ ಚರ್ಮ ಹಿಂದಕ್ಕೆ ಜಗ್ಗುವುದು, "ಈಗಿಂದ ಸರಿಸಿದ್ರ ಮುಂದ ಆರಾಮಾಗ್ತೈತಿ" ಅನ್ನುವುದು. ಅಂಟಿಕೊಂಡದ್ದನ್ನು ಜಗ್ಗಿದರೆ ಹರಿಯುತ್ತದೆ, ಹರಿದದ್ದು ಮಾಯುವಾಗ ಕಲೆಗಟ್ಟಬಹುದು. ಆಗ ನಿಜವಾದ ಫೈಮೋಸಿಸ್ ಅನ್ನು ನಾವೇ ತಯಾರಿಸಿದಂತಾಯಿತು. ಜಗ್ಗಿದ ಚರ್ಮ ಹಿಂದೆಯೇ ಸಿಕ್ಕಿಕೊಂಡು ತುದಿ ಬಾತರೆ ಅದು ತುರ್ತು, ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಹೊರಗಿನಿಂದ ನೀರು ಹಾಕಿ ತೊಳೆದರೆ ಸಾಕು. ಒಳಗೆ ಬೆಳ್ಳನೆಯ ಮುತ್ತಿನಂಥ ಗಂಟು ಕಂಡರೆ ಕೀವಲ್ಲ, ಉದುರಿದ ಚರ್ಮದ ಕಣಗಳು, ತಾವಾಗಿ ಹೊರಬರುತ್ತವೆ. ಚರ್ಮ ತಾನೇ ಸರಿಯತೊಡಗಿದ ಮೇಲೆ ಸರಿಸಿ ತೊಳೆದು ಮತ್ತೆ ಮುಂದಕ್ಕೆ ತರುವುದನ್ನು ಹುಡುಗನಿಗೇ ಕಲಿಸಬೇಕು. ಕಲಿಸಬೇಕಾದವನು ಅಪ್ಪ. ಆಯಿಯ ಕೈ ಹಿಡಿದು "ಜಗ್ಗಬ್ಯಾಡ" ಅನ್ನಬೇಕಾದವನೂ ಅವನೇ, ಮತ್ತು ಡಾಕ್ಟರಿಗೆ ಆ ಮೂರು ಪ್ರಶ್ನೆ ಕೇಳುವುದಕ್ಕಿಂತ ಇದು ಕಷ್ಟದ ಕೆಲಸ.