ವಿಜ್ಞಾನದ ಪ್ರಶಸ್ತಿಪತ್ರ ಮತ್ತು ರೇಷ್ಮೆಯ ಮಡಿ

ಜೈನ ಸಮಾಜದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಭಗವಾನ್ ಮಹಾವೀರರು ಎರಡೂವರೆ ಸಾವಿರ ವರ್ಷಗಳ ಹಿಂದೆ ಉಪದೇಶಿಸಿದ್ದನ್ನು ವಿಜ್ಞಾನವು ಈಗ ಒಪ್ಪಿಕೊಳ್ಳುತ್ತಿದೆ. ಇದಕ್ಕೆ ಮೂರು ನಿದರ್ಶನಗಳು ಸದಾ ಸಿದ್ಧ. ಜಗದೀಶಚಂದ್ರ ಬೋಸರು ಸಸ್ಯಕ್ಕೆ ಜೀವವಿದೆಯೆಂದು ಸಾಧಿಸಿದರು. ಸೂಕ್ಷ್ಮದರ್ಶಕವು ಒಂದು ಹನಿ ನೀರಿನಲ್ಲಿ 36,450 ಜೀವಿಗಳನ್ನು ತೋರಿಸಿತು. ಅಣುವಿಜ್ಞಾನವು ಆಗಮದ ಪರಮಾಣುವನ್ನು ಸಮರ್ಥಿಸಿತು. ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಈ ಹೆಮ್ಮೆಗೆ ವಿಜ್ಞಾನದ ಬಲವೂ ಇಲ್ಲ, ಶಾಸ್ತ್ರದ ಬಲವೂ ಇಲ್ಲ.

ಸಸ್ಯಕ್ಕೆ ಜೀವವಿಲ್ಲವೆಂದು ಬೋಸರಿಗಿಂತ ಹಿಂದಿನ ಸಸ್ಯಶಾಸ್ತ್ರಜ್ಞರು ವಾದಿಸಿರಲಿಲ್ಲ. ಬೋಸರು 1901ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತೋರಿಸಿದ್ದು, ಪ್ರಚೋದನೆಗೆ ಸಸ್ಯವು ನೀಡುವ ವಿದ್ಯುತ್ ಪ್ರತಿಕ್ರಿಯೆಯನ್ನು. ನೀರಿನ ಹನಿಯಲ್ಲಿರುವ ಸೂಕ್ಷ್ಮಜೀವಿಗಳಿಗೆ ನಿಶ್ಚಿತ ಸಂಖ್ಯೆಯಿಲ್ಲ. ಕೆರೆಯ ಹನಿಯ ಲೆಕ್ಕವೇ ಬೇರೆ, ಬಾವಿಯ ಹನಿಯ ಲೆಕ್ಕವೇ ಬೇರೆ. ಮಿಗಿಲಾಗಿ, ಆಗಮವು ಹೇಳುವ ಜಲಕಾಯಿಕ ಜೀವಕ್ಕೆ ನೀರೇ ಶರೀರ. ಸೂಕ್ಷ್ಮದರ್ಶಕದಲ್ಲಿ ಓಡಾಡುವ ಜೀವಿಗಳು ನೀರಿನಲ್ಲಿ ವಾಸಿಸುವ ಬೇರೆ ಜೀವಗಳು. ಇವೆರಡನ್ನು ಒಂದೆಂದು ಸಾರುವವರು ತಮ್ಮ ಶಾಸ್ತ್ರವನ್ನೇ ತಪ್ಪಾಗಿ ಓದಿದ್ದಾರೆ. ಇನ್ನು ಆಗಮದ ಪರಮಾಣು ಅವಿಭಾಜ್ಯ. ರಸಾಯನಶಾಸ್ತ್ರದ ಪರಮಾಣುವಾದರೋ ಅವಿಭಾಜ್ಯವಲ್ಲ. 1897ರಲ್ಲಿ ಥಾಮ್ಸನ್ ಅದರೊಳಗಿನ ಎಲೆಕ್ಟ್ರಾನನ್ನು ಕಂಡರು. ಎರಡನ್ನೂ ಸಮೀಕರಿಸಿದವನು ಆಗಮವನ್ನು ಗೆಲ್ಲಿಸಲಿಲ್ಲ, ಸೋಲಿಸಿದ.

ಅಹಿಂಸೆಗೆ ಪ್ರಯೋಗಶಾಲೆಯ ಪ್ರಶಸ್ತಿಪತ್ರ ಬೇಕಿಲ್ಲ. ಆದರೂ ವಿಜ್ಞಾನವನ್ನು ಸಾಕ್ಷಿಗೆ ಕರೆಯುವುದಾದರೆ, ಆ ಸಾಕ್ಷಿಯ ಪೂರ್ಣ ಹೇಳಿಕೆಯನ್ನು ಕೇಳಬೇಕಾದುದು ನ್ಯಾಯ. ಜಮೆಯನ್ನು ಮಾತ್ರ ಬರೆದು ಖರ್ಚಿನ ಪುಟವನ್ನು ಹರಿದುಹಾಕುವ ಲೆಕ್ಕವನ್ನು ಯಾವ ವರ್ತಕನೂ ಮಾನ್ಯ ಮಾಡಲಾರ.

ಆ ಖರ್ಚಿನ ಪುಟ ಈಗ ತೆರೆದುಕೊಂಡಿದೆ. ಕೀಟಗಳಿಗೆ ಅನುಭವವುಂಟೇ ಎಂಬ ಕುತೂಹಲದ ಪ್ರಶ್ನೆಯನ್ನು ವಿಜ್ಞಾನಿಗಳು ಗಂಭೀರವಾಗಿ ಎತ್ತಿಕೊಂಡಿದ್ದಾರೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಜಾತಿಯ ದುಂಬಿಗಳು ಆಹಾರದ ಆಸೆಯಿಲ್ಲದೆ ಪುಟ್ಟ ಮರದ ಗೋಲಿಗಳನ್ನು ಮತ್ತೆ ಮತ್ತೆ ಉರುಳಿಸಿದವು. ಅದನ್ನು ಆಟವೆಂದೇ ಅವರು ಪರಿಗಣಿಸಿದರು. ಅದೇ ವರ್ಷ ಬ್ರಿಟನ್ನಿನ ಪ್ರಾಣಿಕಲ್ಯಾಣ ಶಾಸನವು ಏಡಿ, ಸೀಗಡಿ, ಅಷ್ಟಪದಿಗಳನ್ನೂ ಸಂವೇದನಾಶೀಲ ಜೀವಿಗಳ ಸಾಲಿಗೆ ಸೇರಿಸಿತು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಹೊರಬಂದ ವಿದ್ವಾಂಸರ ಘೋಷಣೆಯು, ಕೀಟಗಳಲ್ಲಿಯೂ ಪ್ರಜ್ಞಾನುಭವದ ವಾಸ್ತವ ಸಾಧ್ಯತೆಯಿದೆಯೆಂದೂ, ಅವುಗಳ ಕುರಿತ ನಿರ್ಧಾರಗಳಲ್ಲಿ ಅದನ್ನು ಕಡೆಗಣಿಸುವುದು ಹೊಣೆಗೇಡಿತನವೆಂದೂ ಹೇಳಿತು. ಸಿದ್ಧವಾಯಿತೆಂದು ಅವರು ಹೇಳಲಿಲ್ಲ, ಸಾಧ್ಯತೆಯಿದೆ ಎಂದರು. ಆ ಸಂಯಮವೂ ಗಮನಾರ್ಹ.

ಈ ಸುದ್ದಿಯನ್ನೂ ಸಭೆಗಳಲ್ಲಿ ಹೆಮ್ಮೆಯಿಂದ ಓದಲಾಗುವುದು. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹುಳು, ಇರುವೆ, ದುಂಬಿಗಳಿಗೆ ಕ್ರಮವಾಗಿ ಇಂದ್ರಿಯಗಳನ್ನು ಎಣಿಸಿದುದನ್ನು ನೆನೆಯಲಾಗುವುದು. ಬಳಿಕ ಭಾಷಣಕಾರರಿಗೆ ರೇಷ್ಮೆ ಶಾಲು ಹೊದಿಸಿ ಸನ್ಮಾನಿಸಲಾಗುವುದು!

ರೇಷ್ಮೆಯೆಂದರೇನು? ಹುಳು ತನ್ನ ಸುತ್ತ ನೂರಾರು ಮೀಟರು ಉದ್ದದ ಒಂದೇ ಎಳೆಯಿಂದ ಗೂಡು ಕಟ್ಟುತ್ತದೆ. ಪತಂಗವಾಗಿ ಹೊರಬಂದರೆ ಎಳೆ ತುಂಡಾಗುವುದು. ಆದುದರಿಂದ ಗೂಡಿನೊಳಗಿರುವಾಗಲೇ ಹಬೆಯಿಂದಲೋ ಬಿಸಿಗಾಳಿಯಿಂದಲೋ ಅದನ್ನು ಕೊಂದು, ಬಿಸಿನೀರಿನಲ್ಲಿ ನೂಲು ಬಿಚ್ಚುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಹುಳುವೆಂದು ಎಣಿಸಿದರೂ ಪತಂಗವೆಂದು ಎಣಿಸಿದರೂ ಅದು ತ್ರಸಜೀವವೇ. ತ್ರಸಜೀವಗಳ ಸಂಕಲ್ಪಹಿಂಸೆಯ ತ್ಯಾಗವಾದರೋ ಶ್ರಾವಕನ ಮೊದಲನೆಯ ಅಣುವ್ರತ. ನೀರನ್ನು ಬಟ್ಟೆಯಲ್ಲಿ ಸೋಸಿ, ಉಳಿದ ಜೀವಿಗಳನ್ನು ಅದೇ ಜಲಾಶಯಕ್ಕೆ ಮರಳಿಸುವ, ಕೀಟಗಳ ಭಯದಿಂದ ರಾತ್ರಿಭೋಜನವನ್ನು ಬಿಟ್ಟ ಕುಟುಂಬವು ಬಸದಿಗೆ ರೇಷ್ಮೆಯುಟ್ಟು ಬರುವುದು ಎಂತಹ ವಿರೋಧಾಭಾಸ!

ರೇಷ್ಮೆ ಮಡಿಯ ವಸ್ತ್ರ, ಪರಂಪರೆ ಎನ್ನುವವರುಂಟು. ಕೊಲೆಯಿಂದ ಹುಟ್ಟಿದ ನೂಲನ್ನು ಮಡಿಯ ಹೆಸರು ತೊಳೆಯಲಾರದು. ಕರ್ನಾಟಕವು ದೇಶದ ರೇಷ್ಮೆ ಉತ್ಪಾದನೆಯಲ್ಲಿ ಅಗ್ರಸ್ಥಾನದಲ್ಲಿದೆ, ರಾಮನಗರದ ಗೂಡಿನ ಮಾರುಕಟ್ಟೆಯನ್ನು ನಂಬಿ ಬಹುಕುಟುಂಬಗಳಿವೆ ಎನ್ನುವವರೂ ಉಂಟು. ಆ ರೈತರನ್ನೂ ನೂಲು ಬಿಚ್ಚುವವರನ್ನೂ ದೂಷಿಸುವುದು ಸಲ್ಲದು. ಅವರು ಅಣುವ್ರತ ತೊಟ್ಟವರಲ್ಲ. ತೊಟ್ಟವರು ಕೊಳ್ಳುವವರು. ಹೊಟ್ಟೆಪಾಡಿಗಾಗಿ ಅನಿವಾರ್ಯವಾಗುವ ಹಿಂಸೆಗೆ ಶಾಸ್ತ್ರವು ಗೃಹಸ್ಥನಿಗೆ ಒಂದು ಮಿತಿಯ ವಿನಾಯಿತಿ ಕೊಟ್ಟಿದೆ. ಸನ್ಮಾನದ ಶಾಲಿಗೆ, ಮದುವೆಯ ಆಡಂಬರಕ್ಕೆ ಕೊಟ್ಟಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಮುಂದಿನ ದಶಲಕ್ಷಣ ಪರ್ವಕ್ಕೆ ಮುನ್ನ ಒಂದು ಠರಾವು ಮಾಡಲಿ: ಪೂಜೆಗೆ, ಸನ್ಮಾನಕ್ಕೆ ಹತ್ತಿಯ ವಸ್ತ್ರವೇ ಸಾಕು. ಅನಂತರ ವಿಜ್ಞಾನದ ಮಾತನ್ನು ಸಭೆಯಲ್ಲಿ ಎತ್ತಲಿ. ಆಗ ಆ ಮಾತಿಗೆ ಚಪ್ಪಾಳೆಯ ಅಗತ್ಯವೂ ಇರಲಾರದು.