ಕದಿಯೋಕೆ ಏನಿದೆ ಅಂತ ಕೇಳೋರಿಗೆ

‘ನಮ್ಮದೇನು ಬ್ಯಾಂಕಾ? ಊರಿನ ಸಂಘದ ವೆಬ್‌ಸೈಟು. ಅದರಲ್ಲಿ ಕದಿಯೋಕೆ ಏನಿದೆ? ಅದಕ್ಕೆ ಬೀಗ ಯಾಕೆ?’

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬಂದು ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟುವ ನಮ್ಮಂಥವರ ಬಾಯಲ್ಲೇ ಈ ಮಾತು ಬರುತ್ತೆ. ಸೋಮವಾರದಿಂದ ಶುಕ್ರವಾರದ ತನಕ ಕಂಪನಿಯ ಸರ್ವರ್‌ಗೆ ಏಳು ಸುತ್ತಿನ ಕೋಟೆ ಕಟ್ಟೋರು ನಾವೇ. ಶನಿವಾರ ಊರಿನ ಸೈಟಿನ ವಿಷಯ ಬಂದರೆ ಮಾತ್ರ ‘ನಡೆಯುತ್ತೆ ಬಿಡಿ’.

ಇಂಥ ‘ಏನೂ ಇಲ್ಲದ’ ಸೈಟುಗಳಲ್ಲಿ ಏನೇನಿರುತ್ತೆ ನೋಡಿ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಹುಡುಗಿಯ ಮೊಬೈಲ್ ನಂಬರು, ಅವಳ ಅಪ್ಪನ ಆದಾಯ. ವಧೂವರರ ವಿಭಾಗದಲ್ಲಿ ಫೋಟೊ, ಜಾತಕ, ಸಂಬಳ. ಸದಸ್ಯರ ಪಾಸ್‌ವರ್ಡು, ಎಷ್ಟೋ ಜನ ಅದನ್ನೇ ಇಮೇಲಿಗೂ ಇಟ್ಟಿರ್ತಾರೆ. ಬರೀ ಎಚ್‌ಟಿಟಿಪಿ ಆದರೆ ಇದೆಲ್ಲ ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿದ ಹಾಗೆ. ಹೋಟೆಲ್ಲಿನ ವೈಫೈನಿಂದ ಹಿಡಿದು ದಾರಿಯಲ್ಲಿ ಅದು ಯಾರ ಕೈದಾಟಿ ಹೋಗುತ್ತೋ ಅವರೆಲ್ಲ ಓದಬಹುದು.

ನಮ್ಮ ತಾತಂದಿರಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಮಾಗಡಿ ಕಡೆಯ ದನದ ಜಾತ್ರೆಗಳಲ್ಲಿ ಎತ್ತಿನ ಬೆಲೆ ಯಾರೂ ಕೂಗಿ ಹೇಳ್ತಿರಲಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಕೆಳಗೆ ಬೆರಳು ಹಿಡಿದು ಮಾತು ಮುಗಿಸ್ತಿದ್ದರು. ಅವರೇನು ಕಳ್ಳರಾ? ಅಲ್ಲ. ವ್ಯಾಪಾರ ಇಬ್ಬರದು, ಸುತ್ತ ನಿಂತವರದ್ದಲ್ಲ, ಅಷ್ಟೆ. ಎಚ್‌ಟಿಟಿಪಿಎಸ್ ಅಂದರೆ ಆ ಟವೆಲ್ಲು.

ಆದರೆ ಓದೋದು ಅರ್ಧ ಕಥೆ. ದಾರಿಯಲ್ಲಿ ಪುಟವನ್ನೇ ತಿದ್ದಬಹುದು. ಇದು ಕಟ್ಟುಕಥೆ ಅಲ್ಲ, ನಮ್ಮ ಬೆಂಗಳೂರಲ್ಲೇ ಬಯಲಾಗಿದ್ದು. 2015ರ ಜೂನ್‌ನಲ್ಲಿ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿಯಲ್ಲಿ ತಮ್ಮದೇ ಬ್ಲಾಗ್ ತೆರೆದರೆ, ತಾವು ಬರೆಯದ ಸ್ಕ್ರಿಪ್ಟ್ ಒಂದು ಅದರೊಳಗೆ ಕೂತಿತ್ತು. ಸಾಕ್ಷಿ ಸಮೇತ ಗಿಟ್‌ಹಬ್‌ಗೆ ಹಾಕಿದರು. ಸಿಕ್ಕಿದ್ದೇನು? ಆ ತಂತ್ರಜ್ಞಾನ ಮಾಡಿದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ಕಡೆಯಿಂದ ಲೀಗಲ್ ನೋಟಿಸು! ಗ್ರಾಹಕರಿಗೆ ಡೇಟಾ ಬಳಕೆ ತಿಳಿಸೋಕೆ ಅದು ಅಂತ ಏರ್‌ಟೆಲ್ ಹೇಳಿತು. ಉದ್ದೇಶ ಏನೇ ಇರಲಿ, ನೀವು ಬರೆದ ಪುಟಕ್ಕೆ ಇನ್ನೊಬ್ಬರು ಸಾಲು ಸೇರಿಸಬಹುದು ಅನ್ನೋದು ಸಾಬೀತಾಯ್ತು. ಇವತ್ತು ಸ್ಕ್ರಿಪ್ಟ್ ಸೇರಿಸಿದರು, ನಾಳೆ ದೇಣಿಗೆ ಪುಟದಲ್ಲಿ ಬ್ಯಾಂಕ್ ಖಾತೆ ನಂಬರನ್ನೇ ಬದಲಿಸಿದರೆ?

ಅದೇ ತಿಂಗಳ 12ರಂದು ವಿಕಿಮೀಡಿಯಾ ತನ್ನ ತಾಣಗಳನ್ನೆಲ್ಲ ಎಚ್‌ಟಿಟಿಪಿಎಸ್‌ಗೆ ಸಾಗಿಸುತ್ತಿರುವುದಾಗಿ ಘೋಷಿಸಿತು. ಕನ್ನಡ ವಿಕಿಪೀಡಿಯವೂ ಅದರಲ್ಲಿತ್ತು. ಅಲ್ಲಿ ಕದಿಯೋಕೆ ಏನಿತ್ತು ಸ್ವಾಮಿ? ಎಲ್ಲಾ ಪುಕ್ಕಟೆ ಜ್ಞಾನವೇ. ಆದರೆ ಯಾರು ಯಾವ ಕಾಯಿಲೆಯ ಬಗ್ಗೆ ಓದಿದರು ಅನ್ನೋದು ಓದಿದವರ ಸ್ವಂತ ವಿಷಯ.

‘ಲಾಗಿನ್ ಪುಟಕ್ಕೆ ಮಾತ್ರ ಬೀಗ ಹಾಕೋಣ’ ಅನ್ನೋ ಜಾಣರೂ ಇದ್ದಾರೆ. 2010ರಲ್ಲಿ ಫೈರ್‌ಶೀಪ್ ಅನ್ನೋ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ಈ ಜಾಣತನದ ಮಾನ ಹರಾಜು ಹಾಕಿತು. ಲಾಗಿನ್ ಆದಮೇಲೆ ಬೀಗವಿಲ್ಲದೆ ಓಡಾಡುವ ಕುಕಿಯನ್ನು ಓಪನ್ ವೈಫೈನಲ್ಲಿ ಹಿಡಿದು, ಪಾಸ್‌ವರ್ಡೇ ಇಲ್ಲದೆ ಬೇರೆಯವರ ಖಾತೆಗೆ ನುಗ್ಗಬಹುದಿತ್ತು. ಬೀಗ ಹಾಕೋದಾದರೆ ಇಡೀ ಮನೆಗೇ ಹಾಕಬೇಕು.

ದುಡ್ಡಿಲ್ಲ ಅಂತೀರಾ? ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರ್‌ನಿಂದ ಯಾರು ಕೇಳಿದರೂ ಸರ್ಟಿಫಿಕೇಟನ್ನು ಬಿಟ್ಟಿ ಕೊಡ್ತಿದೆ. ನವೀಕರಣವೂ ತಾನಾಗೇ ಆಗುವ ಹಾಗೆ ಇಡಬಹುದು. ಹಳೇ ಲಿಂಕುಗಳನ್ನು ಹೊಸದಕ್ಕೆ ತಿರುಗಿಸಿ. ಹಳೇ ವಿಳಾಸದಲ್ಲೇ ಉಳಿದಿರುವ ಫೋಟೊಗಳನ್ನು ಹುಡುಕಿ ಸರಿಮಾಡಿ. ಬೇಜಾರಿನ ಕೆಲಸ, ನಿಜ. ಅಸಾಧ್ಯವಾದದ್ದಲ್ಲ.

ಬೀಗ ಹಾಕಿದ ಮಾತ್ರಕ್ಕೆ ಒಳಗಿರೋರು ಸಾಚಾ ಅಂತಲೂ ಅಲ್ಲ. ಮೋಸದ ಸೈಟಿಗೂ ಸರ್ಟಿಫಿಕೇಟ್ ಸಿಗುತ್ತೆ. ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತುಂಬಿ ವಾಟ್ಸಾಪ್ ಗ್ರೂಪಿಗೆ ಎಸೆಯೋರಿಂದ ಯಾವ ಎನ್‌ಕ್ರಿಪ್ಷನ್ನೂ ಕಾಪಾಡಲ್ಲ. ಹಾಗಂತ ಕಿಟಕಿ ಮುರಿದಿದೆ ಅಂತ ಬಾಗಿಲನ್ನೂ ತೆಗೆದಿಡ್ತೀವಾ?

ನನಗೆ ನಿಜಕ್ಕೂ ಸಿಟ್ಟು ಬರೋದು ಇನ್ನೊಂದಕ್ಕೆ. 2018ರ ಜುಲೈನಿಂದ ಕ್ರೋಮ್ ಎಲ್ಲ ಎಚ್‌ಟಿಟಿಪಿ ಪುಟಗಳಿಗೂ ‘ಸುರಕ್ಷಿತವಲ್ಲ’ ಅಂತ ಹಣೆಪಟ್ಟಿ ಹಚ್ಚುತ್ತೆ. ಊರಿಂದ ಚಿಕ್ಕಪ್ಪ ಫೋನ್ ಮಾಡಿ ‘ಏನೋ ಇದು?’ ಅಂದರೆ, ‘ಏನಾಗಲ್ಲ, ಮುಂದೆ ಹೋಗಿ’ ಅಂತೀವಿ. ರಾಮನಗರಕ್ಕೆ ರೇಷ್ಮೆಗೂಡು ತರೋ ರೈತ ಇವತ್ತು ಬ್ಯಾಂಕಿನ ಲೆಕ್ಕವನ್ನೂ ಮೊಬೈಲಲ್ಲೇ ನೋಡ್ತಾನೆ. ಎಚ್ಚರಿಕೆ ಬಂದಾಗ ಕಣ್ಣುಮುಚ್ಚಿಕೊಂಡು ಮುಂದೆ ಹೋಗೋ ಪಾಠವನ್ನು ಅವನಿಗೆ ಕಲಿಸಿದ್ದು ಯಾವ ಹ್ಯಾಕರೂ ಅಲ್ಲ, ಓದಿ ಮುಂದೆ ಬಂದ ಅವನ ಊರಿನ ಹುಡುಗರು.

ಮುಂದಿನ ಶನಿವಾರ ಊರಿಗೆ ಹೋಗ್ತೀರಲ್ಲ, ಲ್ಯಾಪ್‌ಟಾಪ್ ತಗೊಂಡು ಹೋಗಿ. ಬಿರಿಯಾನಿ ಆಮೇಲೆ.