ಖಾಕಿಯ ನಾಯಕ, ಸರ್ವಸಾಕ್ಷಿ ಕ್ಯಾಮೆರಾ

2020ರ ಜೂನ್ ತಿಂಗಳಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ, ಲಾಕ್‌ಡೌನ್ ಅವಧಿ ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ಠಾಣೆಗೆ ಒಯ್ಯಲಾದ ತಂದೆ ಮತ್ತು ಮಗ ಪೊಲೀಸರ ಹಿಂಸೆಗೆ ಸಿಕ್ಕಿ ಸತ್ತರು. ಆಗ ‘ಸಿಂಗಂ’ ಚಿತ್ರದ ನಿರ್ದೇಶಕ ಹರಿ ಹೇಳಿಕೆಯೊಂದನ್ನು ನೀಡಿ, ಪೊಲೀಸರನ್ನು ವೈಭವೀಕರಿಸುವ ಐದು ಚಿತ್ರಗಳನ್ನು ಮಾಡಿದ್ದಕ್ಕೆ ವಿಷಾದಿಸಿದರು. 2010ರ ಆ ಚಿತ್ರವೇ ಮರುವರ್ಷ ಕನ್ನಡದಲ್ಲಿ ‘ಕೆಂಪೇಗೌಡ’ನಾಗಿ ಬಂದಿತ್ತು. ಆ ವಿಷಾದದಲ್ಲಿ ಕನ್ನಡ ಪ್ರೇಕ್ಷಕನಿಗೂ ಪಾಲಿದೆ.

ಪೊಲೀಸ್ ಚಿತ್ರಗಳ ಸಿದ್ಧಸೂತ್ರ ಎಲ್ಲರಿಗೂ ಬಾಯಿಪಾಠ. ಪ್ರಾಮಾಣಿಕ ಅಧಿಕಾರಿಗೆ ಸಿಗುವ ಬಹುಮಾನ ವರ್ಗಾವಣೆ. ಮೇಲಧಿಕಾರಿ ಅಂಜುಬುರುಕ, ಮಂತ್ರಿ ಖಳನ ಜೇಬಿನಲ್ಲಿ. ವಕೀಲ ಬರುವುದು ಆರೋಪಿಯನ್ನು ಬಿಡಿಸಲು ಮಾತ್ರ. ಮಾನವ ಹಕ್ಕುಗಳ ಮಾತಾಡುವವರು ನಗೆಪಾಟಲು. ಹೆಣ್ಣೊಬ್ಬಳ ಸಾವು ನಾಯಕನ ಕೋಪಕ್ಕೆ ಕಾರಣ ಒದಗಿಸುತ್ತದೆ. ನ್ಯಾಯಾಲಯ ಮುಂದೂಡಿದ್ದನ್ನು ಕೊನೆಗೆ ಗುಂಡು ಮುಗಿಸುತ್ತದೆ.

ಈ ಸೂತ್ರದ ನಿಜವಾದ ಬಲ ಇರುವುದು ಚಿತ್ರದ ಮೊದಲ ಕೆಲವು ನಿಮಿಷಗಳಲ್ಲಿ. ಅಪರಾಧ ಎಸಗಿದವರು ಯಾರೆಂಬುದನ್ನು ಕ್ಯಾಮೆರಾ ಮೊದಲೇ ತೋರಿಸಿಬಿಡುತ್ತದೆ. ಮುಂದೆ ಲಾಠಿ ಬೀಸಿದಾಗ ಅದು ತಪ್ಪಿತಸ್ಥನ ಮೇಲೆಯೇ ಬೀಳುತ್ತಿದೆ ಎಂಬ ಖಾತ್ರಿ ಪ್ರೇಕ್ಷಕನಿಗಿರುತ್ತದೆ. ಅಂಥ ಸರ್ವಸಾಕ್ಷಿ ಯಾವ ನಿಜ ಠಾಣೆಯಲ್ಲೂ ಇಲ್ಲ. ಆದ್ದರಿಂದಲೇ ಸಂವಿಧಾನದ 22ನೇ ವಿಧಿ ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆನ್ನುತ್ತದೆ, ವಕೀಲರ ನೆರವು ಪಡೆಯುವ ಹಕ್ಕನ್ನು ಕೊಡುತ್ತದೆ. ತೆರೆಯ ಮೇಲೆ ಅಡ್ಡಿಗಳಂತೆ ಕಾಣುವ ಇವು ನಿರಪರಾಧಿಗೆ ಇರುವ ರಕ್ಷೆಗಳು.

2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನ ಪೊಲೀಸರ ಮೇಲೆ ಹೂಮಳೆಗರೆದರು. ವಿಚಾರಣೆ ಇನ್ನೂ ಆರಂಭವೇ ಆಗಿರಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ನಾಲ್ವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ ಹೇಳಿದ್ದು 2022ರಲ್ಲಿ ಬಹಿರಂಗವಾಯಿತು. ಅಷ್ಟು ಹೊತ್ತಿಗೆ ಹೂವು ಬಾಡಿತ್ತು. ಅಪರಾಧ ನಿಜಕ್ಕೂ ಅವರದ್ದೇ ಆಗಿತ್ತೆ ಎಂದು ವಿಚಾರಿಸುವ ಅವಕಾಶ ಸತ್ತ ಹೆಣ್ಣುಮಗಳಿಗೂ ದಕ್ಕಲಿಲ್ಲ.

ಸಿನಿಮಾದೊಳಗಿನಿಂದಲೇ ಇದಕ್ಕೆ ಉತ್ತರಗಳು ಬಂದಿವೆ. ಗೋವಿಂದ ನಿಹಲಾನಿಯವರ ‘ಅರ್ಧಸತ್ಯ’ದಲ್ಲಿ (1983) ಅಧಿಕಾರಿಯ ಸಿಟ್ಟಿಗೆ ಬಲಿಯಾಗುವವನು ಒಬ್ಬ ಸಣ್ಣ ಕಳ್ಳ. ವೆಟ್ರಿಮಾರನ್ ‘ವಿಸಾರಣೈ’ಯಲ್ಲಿ (2015) ಕ್ಯಾಮೆರಾವನ್ನು ಗುಂಟೂರಿನ ಠಾಣೆಯಲ್ಲಿ, ಮಾಡದ ಕಳ್ಳತನವನ್ನು ಒಪ್ಪಿಕೊಳ್ಳುವಂತೆ ಹೊಡೆತ ತಿನ್ನುವ ವಲಸೆ ಕೂಲಿಗಳ ಪಕ್ಕದಲ್ಲಿರಿಸಿದರು. ‘ಜೈ ಭೀಮ್’ (2021) ಲಾಕಪ್ಪಿನಲ್ಲಿ ಕಾಣೆಯಾದ ಇರುಳ ಸಮುದಾಯದವನ ಹೆಂಡತಿಯ ಜೊತೆ ನಡೆಯಿತು. ಹೊಡೆತ ಈ ಚಿತ್ರಗಳಲ್ಲೂ ಇದೆ. ಅದನ್ನು ಕಂಡು ಸೀಟಿ ಹಾಕಲು ಮಾತ್ರ ಆಗದು.

ಸಾತ್ತಾನ್‌ಕುಳಂಗೆ ಕೆಲವೇ ವಾರಗಳ ಮೊದಲು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಡಿ ಉಸಿರುಗಟ್ಟಿ ಸತ್ತಿದ್ದರು. ಆ ಸಾವಿಗೆ ಮರುಗಿದ ವಲಸಿಗ ಕನ್ನಡಿಗ ವಾರಾಂತ್ಯದಲ್ಲಿ ತಾಯ್ನುಡಿಯ ಎನ್‌ಕೌಂಟರ್ ದೃಶ್ಯಕ್ಕೆ ಚಪ್ಪಾಳೆ ತಟ್ಟಿದರೆ, ಅವನ ನ್ಯಾಯಪ್ರಜ್ಞೆ ವಿಮಾನ ನಿಲ್ದಾಣ ದಾಟಿಲ್ಲ ಎಂದೇ ಅರ್ಥ. ಅಲ್ಲಿ ಚರ್ಮದ ಬಣ್ಣಕ್ಕಾಗಿ, ಇಲ್ಲಿ ಜಾತಿಗೂ ಬಡತನಕ್ಕೂ ಸಂಶಯಕ್ಕೆ ಗುರಿಯಾಗುವವನಿಗೆ ಬೇಕಾದದ್ದು ಒಂದೇ: ಸಾಯುವ ಮುನ್ನ ತನ್ನ ಮಾತನ್ನು ಕೇಳಿಸಿಕೊಳ್ಳುವ ಒಬ್ಬ ನ್ಯಾಯಾಧೀಶ.